ಧಾರವಾಡದ ಮುಸುವಗಳೂ ನಮ್ಮ ನೆಪಗಳೂ

1962ರಲ್ಲಿ ಧಾರವಾಡದ ಹತ್ತಿರದ ಕಾಡಿನಲ್ಲಿ ಒಂದು ಮುಸುವಗಳ ಗುಂಪಿನ ಮರಿಗಳು ಒಂದಾದ ಮೇಲೊಂದು ಸತ್ತವು. ಕಚ್ಚಿದ್ದು ಚಿರತೆಯಲ್ಲ, ನಾಯಿಯಲ್ಲ. ಅದೇ ಜಾತಿಯ, ಆ ಗುಂಪಿಗೆ ಆಗಷ್ಟೇ ಯಜಮಾನನಾಗಿ ಬಂದಿದ್ದ ಗಂಡು. ಇದನ್ನ ಗಮನಿಸಿ ಬರೆದುಕೊಂಡವರು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮಾ ಅನ್ನೋ ಯುವ ವಿಜ್ಞಾನಿ. ಪ್ರಾಣಿಗಳ ಸಾಮಾಜಿಕ ನಡವಳಿಕೆಯ ಅಧ್ಯಯನದಲ್ಲಿ ದಶಕಗಟ್ಟಲೆ ನಡೆದ ಒಂದು ದೊಡ್ಡ ಜಗಳ ಶುರುವಾಗಿದ್ದು ನಮ್ಮ ಪೇಡೆಯ ಊರಿಂದ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಆ ಜಗಳ ಬರೀ ಮಂಗಗಳದ್ದಾಗಿದ್ದರೆ ನಾನು ಇದನ್ನ ಬರೀತಿರಲಿಲ್ಲ. ಅದರ ತಳದಲ್ಲಿರೋ ಪ್ರಶ್ನೆ ನಮ್ಮದು. ಒಂದು ಕೆಟ್ಟ ಕೆಲಸ ಯಾಕೆ ನಡೆಯುತ್ತೆ ಅಂತ ವಿವರಿಸಿದರೆ, ಅದನ್ನ ಸ್ವಲ್ಪ ಮಟ್ಟಿಗೆ ಮನ್ನಿಸಿದ ಹಾಗೆ ಆಗುತ್ತಾ?

ಮೊದಲು ಕಥೆ ಪೂರ್ತಿ ಹೇಳ್ತೀನಿ.

ಮುಸುವ ಅಂದರೆ ಕರಿ ಮುಖ, ಬೂದು ಮೈ, ಮೈಗಿಂತ ಉದ್ದ ಬಾಲ ಇರೋ ಹನುಮಾನ್ ಲಂಗೂರ್. ನನ್ನ ಹಾಗೆ ಹಳ್ಳಿಯಲ್ಲಿ ಬೆಳೆದವರಿಗೆ ಇವುಗಳ ಪರಿಚಯ ಬೇಡ. ಶೇಂಗಾ ಹೊಲದಲ್ಲೂ ಹೆಂಚಿನ ಮನೆ ಮೇಲೂ ಇವುಗಳ ಕಾಟ ಉಂಡವರೇ ನಾವೆಲ್ಲ. ನಮ್ಮ ಕಡೆ ಕೆಂಪು ಮುಖದ ಕೋತಿಯನ್ನೂ ಇದನ್ನೂ ಸೇರಿಸಿ 'ಮಂಗ್ಯಾ' ಅಂದುಬಿಡ್ತೀವಿ. ಆದರೆ ಇವುಗಳ ಸಂಸಾರದ ವ್ಯವಸ್ಥೆಯೇ ಬೇರೆ. ಧಾರವಾಡದ ಕಾಡಿನಲ್ಲಿ ಹೆಚ್ಚಿನ ಗುಂಪುಗಳಿಗೆ ಒಂದೇ ದೊಡ್ಡ ಗಂಡು, ಜೊತೆಗೆ ಹಲವು ಹೆಣ್ಣು, ಅವುಗಳ ಮರಿಗಳು. ಹೆಣ್ಣುಗಳು ಸಾಮಾನ್ಯವಾಗಿ ಹುಟ್ಟಿದ ಗುಂಪಿನಲ್ಲೇ ಬಾಳಿ ಸಾಯ್ತವೆ. ಅಜ್ಜಿ, ಅವ್ವ, ಚಿಗವ್ವ, ಮಗಳು ಎಲ್ಲ ಒಂದೇ ಕಡೆ. ಗಂಡುಗಳು ಬೆಳೀತಿದ್ದ ಹಾಗೆ ಹೊರಗೆ. ಹೊರಬಿದ್ದವು ತಮ್ಮದೇ ಗಂಡು ಪಡೆ ಕಟ್ಟಿಕೊಂಡು ಅಲೀತವೆ, ಸಮಯ ನೋಡಿ ಯಾವುದೋ ಗುಂಪಿನ ಯಜಮಾನನ ಮೇಲೆ ಬೀಳ್ತವೆ.

ಸುಗಿಯಾಮಾ ನೋಡಿದ್ದು ಅಂಥದ್ದೇ ಒಂದು ದಾಳಿ. ಗಂಡು ಪಡೆ ಬಂತು, ಹಳೇ ಯಜಮಾನನನ್ನ ಓಡಿಸಿತು. ಗೆದ್ದ ಮೇಲೆ ಪಡೆಯಲ್ಲಿದ್ದ ಒಂದು ಗಂಡು ತನ್ನ ಜೊತೆಗಾರರನ್ನೂ ಓಡಿಸಿ ಗುಂಪನ್ನ ತನ್ನದು ಮಾಡಿಕೊಂಡಿತು. ಆಮೇಲೆ ಮರಿಗಳ ಸಾವು. ಮರಿ ಕಳಕೊಂಡ ತಾಯಂದಿರು ಬೇಗನೇ ಬೆದೆಗೆ ಬಂದು ಅದೇ ಗಂಡಿನ ಜೊತೆ ಕೂಡಿದವು ಅನ್ನೋದನ್ನೂ ಅವರು ಗಮನಿಸಿದರು. 1965ರಲ್ಲಿ 'ಪ್ರೈಮೇಟ್ಸ್' ಪತ್ರಿಕೆಯಲ್ಲಿ ಬರೆದರು.

ಯಾರೂ ಸರಿಯಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಆ ಕಾಲದ ನಂಬಿಕೆಯೇ ಬೇರೆ ಇತ್ತು. ಪ್ರಾಣಿಗಳು ತಮ್ಮ ಜಾತಿಯ ಒಳಿತಿಗಾಗಿ ನಡಕೊಳ್ತವೆ, ತಮ್ಮವರನ್ನ ಕೊಲ್ಲೋದು ಅಪರೂಪ, ಆ ಹುಚ್ಚು ಮನುಷ್ಯನಿಗೆ ಮಾತ್ರ ಅಂಟಿದ್ದು. ಮುಂದೆ ನೊಬೆಲ್ ಪಡೆದ ಕಾನ್ರಾಡ್ ಲೊರೆಂಜ್ 1963ರಲ್ಲಿ ಆಕ್ರಮಣಶೀಲತೆಯ ಬಗ್ಗೆ ಬರೆದ ಹೆಸರಾಂತ ಪುಸ್ತಕದ ಧಾಟಿಯೂ ಹೆಚ್ಚುಕಡಿಮೆ ಇದೇ. ಇನ್ನೊಂದು ಕಡೆ ಫಿಲಿಸ್ ಜೇ ಅನ್ನೋ ಅಮೆರಿಕದ ವಿಜ್ಞಾನಿ ಉತ್ತರ ಮತ್ತು ಮಧ್ಯ ಭಾರತದ ಮುಸುವಗಳನ್ನ ನೋಡಿ, ಇವು ಬಹಳ ಶಾಂತ ಸ್ವಭಾವದ ಪ್ರಾಣಿಗಳು ಅಂತ ಬರೆದಿದ್ದರು. ಹಾಗಾದರೆ ಧಾರವಾಡದಲ್ಲಿ ಏನಾಯ್ತು? ಅಲ್ಲಿ ಮುಸುವಗಳ ಸಂಖ್ಯೆ ವಿಪರೀತ, ಜಾಗ ಸಾಲದೆ ಅವುಗಳ ತಲೆ ಕೆಟ್ಟಿದೆ ಅನ್ನೋ ಉತ್ತರ ಬಂತು.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಇದು ಬಗ್. ಲೋಡ್ ಜಾಸ್ತಿಯಾಗಿ ಸಿಸ್ಟಂ ಕೆಟ್ಟಿದೆ ಅಷ್ಟೇ.

1971ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿನಿ ಸಾರಾ ಬ್ಲಾಫರ್ ಹರ್ಡಿ ರಾಜಸ್ಥಾನದ ಮೌಂಟ್ ಅಬುಗೆ ಬಂದಾಗ ಅವರ ಮನಸ್ಸಲ್ಲಿದ್ದದ್ದೂ ಈ ದಟ್ಟಣೆಯ ವಿವರಣೆಯೇ. ಆದರೆ ಕೆಲವು ವರ್ಷ ಅಲ್ಲಿಗೆ ಬಂದು ಹೋಗಿ ನೋಡೋ ಹೊತ್ತಿಗೆ ಅದು ಕೂಡಿಬರಲಿಲ್ಲ. ಮರಿಗಳ ಸಾವು ಜನಸಂದಣಿಯ ಹಿಂದೆ ಹೋಗ್ತಿರಲಿಲ್ಲ, ಯಜಮಾನಿಕೆ ಬದಲಾಗೋದರ ಹಿಂದೆ ಹೋಗ್ತಿತ್ತು. ಹೊಸ ಗಂಡು ಬಂದಾಗ ಮರಿಗಳಿಗೆ ಆಪತ್ತು. ಆ ಮರಿಗಳು ಅದರ ಮಕ್ಕಳಲ್ಲ.

ಹರ್ಡಿ ಇಟ್ಟ ಲೆಕ್ಕ ತಣ್ಣಗೆ ಮೈ ನಡುಗಿಸುತ್ತೆ. ಹಾಲು ಕುಡಿಸ್ತಿರೋ ತಾಯಿ ಬೇಗ ಬೆದೆಗೆ ಬರೋದಿಲ್ಲ. ಮರಿ ಹಾಲು ಬಿಡೋಕೆ ವರ್ಷದ ಮೇಲೇ ಬೇಕು, ಇನ್ನೊಂದು ಬಸಿರಿಗೆ ಮತ್ತೆ ಆರೂವರೆ ತಿಂಗಳು. ಅಬುವಿನಲ್ಲಿ ಒಂದು ಗಂಡಿನ ಯಜಮಾನಿಕೆ ಸರಾಸರಿ ಎರಡು ವರ್ಷಕ್ಕಿಂತ ತುಸು ಜಾಸ್ತಿ. ಕಾಯ್ತಾ ಕೂತರೆ ತನ್ನ ಮರಿ ಹುಟ್ಟಿ ಗಟ್ಟಿಯಾಗೋ ಮೊದಲೇ ಮುಂದಿನ ಗಂಡು ಬಂದುಬಿಡಬಹುದು. ಬೇರೆಯವನ ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರ್ತಾಳೆ. ಗಂಡು ಕೂತು ಈ ಲೆಕ್ಕ ಹಾಕೋದಿಲ್ಲ. ಹೀಗೆ ನಡಕೊಂಡ ಗಂಡುಗಳ ಸಂತಾನ ಹೆಚ್ಚು ಉಳೀತು, ಆ ನಡವಳಿಕೆಯೂ ಉಳೀತು. ಅಂದರೆ ಇದು ಬಗ್ ಅಲ್ಲ, ಫೀಚರ್. 1977ರಲ್ಲಿ ಬಂದ 'ದ ಲಂಗೂರ್ಸ್ ಆಫ್ ಅಬು' ಪುಸ್ತಕದ ತಿರುಳು ಇದು.

ಜಗಳ ಜೋರಾಯ್ತು. ಫಿಲಿಸ್ ಜೇ, ಆ ಹೊತ್ತಿಗೆ ಫಿಲಿಸ್ ಡೊಲ್ಹಿನೋ, ಸಹಜ ಸ್ಥಿತಿಯ ಮುಸುವಗಳು ಹೀಗೆ ಮಾಡೋದಿಲ್ಲ ಅಂತ ಪಟ್ಟು ಹಿಡಿದರು. ಕಣ್ಣಾರೆ ಕಂಡ ಪ್ರಕರಣಗಳು ಎಷ್ಟು ಅಂತ ಇನ್ನು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆಮೇಲೆ ಸಿಂಹ, ಗೊರಿಲ್ಲಾಗಳಲ್ಲೂ ಇಂಥದ್ದು ಕಂಡಿತು. 1999ರಲ್ಲಿ ಕರೋಲಾ ಬೋರೀಸ್ ಮತ್ತು ಜೊತೆಗಾರರು ದಕ್ಷಿಣ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ದಾಳಿ ಮಾಡಿದ ಗಂಡುಗಳಲ್ಲಿ ಒಂದೂ ತಾನು ಕಚ್ಚಿದ ಮರಿಯ ಅಪ್ಪ ಆಗಿರಲಿಲ್ಲ. ಹರ್ಡಿಯ ಲೆಕ್ಕಕ್ಕೆ ಬಲ ಬಂತು.

ವಿಜ್ಞಾನದ ಕಥೆ ಇಷ್ಟು. ಇದರಿಂದ ನಾವು ಏನನ್ನ ಎತ್ತಿಕೊಳ್ತೀವಿ ಅನ್ನೋದು ಬೇರೆ ಕಥೆ.

ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬ ಸಹೋದ್ಯೋಗಿ ಫೋನ್ ಮುಂದೆ ಹಿಡಿದ. ಸಿಂಹದ ರೀಲ್. ಹೊಸ ಗಂಡು ಹಳೇ ಮರಿಗಳನ್ನ ಕೊಲ್ಲುತ್ತೆ, ಹಿಂದೆ ಢಂ ಢಂ ಸಂಗೀತ, ಕೊನೆಗೆ 'ಪ್ರಕೃತಿ ಸುಳ್ಳು ಹೇಳೋದಿಲ್ಲ' ಅನ್ನೋ ಅರ್ಥದ ಸಾಲು. ಅವನು ನಗ್ತಾ ಹೇಳಿದ, "ಅದಕ್ಕೇ ಗುರೂ, ಮಗು ಇರೋರನ್ನ ಮದ್ವೆ ಆಗೋದು ಗಂಡಸರಿಗೆ ಒಗ್ಗಲ್ಲ. ಸೈನ್ಸೇ ಹೇಳುತ್ತೆ." ಟೇಬಲ್ಲಿನ ಆ ತುದಿಯಲ್ಲಿ ಕೂತಿದ್ದ ಗೆಳತಿಗೆ ವಿಚ್ಛೇದನವಾಗಿ ಮೂರು ವರ್ಷ, ಐದು ವರ್ಷದ ಮಗಳಿದ್ದಾಳೆ, ಮನೆಯವರು ಎರಡನೇ ಸಂಬಂಧ ನೋಡ್ತಿದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವಳು ಏನೂ ಹೇಳಲಿಲ್ಲ. ಸಂಜೆ ನನ್ನ ಹತ್ತಿರ ಕೇಳಿದಳು, "ಅವನ ಮಾತು ಬಿಡು. ಆದ್ರೆ ಅದು ನಿಜಾನಾ?"

ಇದಕ್ಕೆ 'ಅಯ್ಯೋ, ನಾವೇನು ಪ್ರಾಣಿಗಳಾ?' ಅಂತ ಉತ್ತರ ಕೊಟ್ಟು ಕೈತೊಳಕೊಳ್ಳಬಹುದು. ಅದು ಪ್ರಾಮಾಣಿಕ ಉತ್ತರ ಅಲ್ಲ. ನಾವೂ ಪ್ರಾಣಿಗಳೇ. ಕೆನಡಾದ ಮಾರ್ಟಿನ್ ಡೇಲಿ ಮತ್ತು ಮಾರ್ಗೋ ವಿಲ್ಸನ್ 1980ರ ದಶಕದಲ್ಲಿ ಮನುಷ್ಯರ ದಾಖಲೆಗಳನ್ನೇ ತೆಗೆದು ನೋಡಿದರು. ಹೆತ್ತವರಿಬ್ಬರ ಜೊತೆ ಇರೋ ಸಣ್ಣ ಮಕ್ಕಳಿಗಿಂತ ಮಲತಂದೆ ಅಥವಾ ಮಲತಾಯಿ ಇರೋ ಮನೆಯ ಸಣ್ಣ ಮಕ್ಕಳಿಗೆ ಅಪಾಯ ಹಲವು ಪಟ್ಟು ಹೆಚ್ಚಿತ್ತು. ಅದರ ಜೊತೆಗೇ ಹೇಳಬೇಕಾದ ಮಾತು ಇನ್ನೆರಡು. ಒಂದು, ಅಂಥ ಸಾವುಗಳು ಆ ಮನೆಗಳಲ್ಲೂ ತೀರಾ ವಿರಳ, ಹೆಚ್ಚಿನ ಮಲತಂದೆ ಮಲತಾಯಂದಿರು ಮಕ್ಕಳಿಗೆ ಕೈ ಎತ್ತೋದಿಲ್ಲ. ಎರಡು, ಇದು ಮುಸುವದ ಹಾಗೆ ಲಾಭದ ತಂತ್ರ ಅಂತ ಡೇಲಿ ಮತ್ತು ವಿಲ್ಸನ್ ಕೂಡ ಹೇಳಲಿಲ್ಲ. ತನ್ನ ಮಗುವಿನ ಕಡೆ ಹೆಚ್ಚು ಒಲಿಯೋ ಸ್ವಭಾವದ ಕೆಟ್ಟ ಪರಿಣಾಮ ಅಂದರು. ಹಲವು ಪಟ್ಟು ಅನ್ನೋದು ಕಣ್ಣಿಗೆ ಹೊಡೆಯುತ್ತೆ, ವಿರಳ ಅನ್ನೋದು ರೀಲ್‌ನಲ್ಲಿ ಬರೋದಿಲ್ಲ.

ಹಾಗಾಗಿ ಗೆಳತಿಯ ಪ್ರಶ್ನೆಗೆ ಉತ್ತರ, ಒಂದು ಎಳೆ ನಿಜ. ಪ್ರಶ್ನೆ ಇರೋದು ಆ ಎಳೆ ಹಿಡಕೊಂಡು ಏನು ಮಾಡ್ತೀವಿ ಅನ್ನೋದರಲ್ಲಿ.

ಕನ್ನಡದಲ್ಲಿ 'ಕಾರಣ' ಅನ್ನೋ ಪದಕ್ಕೆ ಮಾತಿನಲ್ಲಿ ಎರಡು ಕೆಲಸ ಇದೆ. "ಮಳೆ ಬಾರದಿರೋಕೆ ಏನು ಕಾರಣ?" ಅಂದಾಗ ನಮಗೆ ಬೇಕಿರೋದು ವಿವರಣೆ. "ಕಾರಣ ಹೇಳ್ಬೇಡ, ಕೆಲ್ಸ ಮುಗ್ಸು" ಅಂತ ಮ್ಯಾನೇಜರ್ ಅಂದಾಗ ಅದು ನೆಪ. ಒಂದೇ ಪದ ಎರಡೂ ಕಡೆ ದುಡಿಯೋದರಿಂದ ಒಂದರಿಂದ ಇನ್ನೊಂದಕ್ಕೆ ಜಾರೋದು ಸುಲಭ. ಸೈನ್ಸೇ ಹೇಳುತ್ತೆ ಅಂದವನೂ ಹಾಗೇ ಜಾರಿದ. ಮೊದಲ ಅರ್ಥದ ಕಾರಣವನ್ನ ಎತ್ತಿಕೊಂಡು ಎರಡನೇ ಅರ್ಥದ ಜಾಗದಲ್ಲಿ ಇಟ್ಟ.

ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದಾಗ ರೂಟ್ ಕಾಸ್ ಅನಾಲಿಸಿಸ್ ಮಾಡ್ತೀವಲ್ಲ, ಅದನ್ನ ನೆನೆಸಿಕೊಳ್ಳಿ. ಯಾವ ಸಾಲಿನ ಕೋಡ್, ಯಾವ ಹೊತ್ತಿನ ಲೋಡ್, ಯಾಕೆ ಅಲರ್ಟ್ ಬರಲಿಲ್ಲ ಅಂತ ಹತ್ತು ಪುಟ ಬರೀತೀವಿ. ಅದನ್ನ ಓದಿದವರು ಯಾರೂ 'ಹಾಗಾದ್ರೆ ಸರ್ವರ್ ಬಿದ್ದದ್ದು ಸರಿಯಾಯ್ತು' ಅನ್ನೋದಿಲ್ಲ. ಮುಂದಿನ ಸಲ ಬೀಳದ ಹಾಗೆ ಏನು ಮಾಡ್ಬೇಕು ಅಂತ ಕೇಳ್ತಾರೆ. ಕಾರಣ ಗೊತ್ತಾದ ದಿನದಿಂದ ನಮ್ಮ ಹೊಣೆ ಹೆಚ್ಚಾಗುತ್ತೆ. ಗೊತ್ತಿದ್ದೂ ಮತ್ತೆ ಬಿದ್ದರೆ ಆಗ ಯಾರ ಹತ್ತಿರವೂ ನೆಪ ಇರೋದಿಲ್ಲ.

ಇರೋದು ಹೀಗೆ ಅನ್ನೋದರಿಂದ ಇರಬೇಕಾದ್ದು ಹೀಗೆ ಅನ್ನೋದಕ್ಕೆ ನೇರ ದಾರಿ ಇಲ್ಲ ಅನ್ನೋ ಮಾತನ್ನ ಡೇವಿಡ್ ಹ್ಯೂಮ್ 1740ರಷ್ಟು ಹಿಂದೆಯೇ ಎತ್ತಿದ್ದ. ಆದರೆ ನಾವು ಆ ದಾರಿಯನ್ನ ದಿನಾ ಹುಡುಕ್ತೀವಿ. ಅದರಲ್ಲೂ ನಮಗೆ ಅನುಕೂಲ ಆಗೋ ದಿಕ್ಕಿನಲ್ಲಿ ಮಾತ್ರ. ಮರಿಯನ್ನ ಕೊಲ್ಲೋ ಗಂಡಿನ ರೀಲ್ ತೋರಿಸಿದವನು ಅದೇ ಗಂಡಿನ ಮುಂದಿನ ಗತಿ ತೋರಿಸೋದಿಲ್ಲ. ಎರಡು ಚಿಲ್ಲರೆ ವರ್ಷಕ್ಕೆ ಇನ್ನೊಬ್ಬ ಬಂದು ಅದನ್ನೂ ಒದ್ದು ಓಡಿಸ್ತಾನೆ, ಅದರ ಮರಿಗಳಿಗೂ ಅದೇ ಗತಿ. ಪ್ರಕೃತಿಯ ಮಾತನ್ನ ಒಪ್ಪೋದಾದರೆ ಅಷ್ಟನ್ನೂ ಒಪ್ಪಬೇಕಲ್ಲ?

ಇನ್ನೊಂದು ಪ್ರಶ್ನೆ. ಇದು ಫೀಚರ್ ಸರಿ, ಆದರೆ ಯಾರ ಸ್ಪೆಕ್ ಪ್ರಕಾರ? ಆ ಗಂಡಿಗೆ ಲಾಭ. ತಿಂಗಳುಗಟ್ಟಲೆ ಹೊತ್ತು, ಹೆತ್ತು, ಹಾಲು ಕುಡಿಸಿದ ತಾಯಿಗೆ ನಷ್ಟ. ಗುಂಪಿಗೂ ನಷ್ಟ. 'ಪ್ರಕೃತಿ ಹೇಳುತ್ತೆ' ಅನ್ನೋ ವಾಕ್ಯದಲ್ಲಿ ಪ್ರಕೃತಿ ಅಂದರೆ ಯಾರು? ಮುಸುವಗಳ ಒಂದು ಗುಂಪಿನಲ್ಲೇ ಹತ್ತು ದನಿ ಇದೆ. ಹರ್ಡಿಯ ದೊಡ್ಡ ಕೊಡುಗೆ ಅಂತ ನನಗೆ ಅನ್ನಿಸೋದು ಇದು. ಅವರ ಪುಸ್ತಕದ ಉಪಶೀರ್ಷಿಕೆಯಲ್ಲಿ ಹೆಣ್ಣು ಮತ್ತು ಗಂಡು ಇಬ್ಬರ ತಂತ್ರಗಳೂ ಇವೆ, ಹೆಣ್ಣು ಮೊದಲು. ಬಸುರಿ ಹೆಣ್ಣುಗಳು ಕೂಡ ಹೊಸ ಗಂಡಿನ ಜೊತೆ ಕೂಡ್ತವೆ. ಹುಟ್ಟೋ ಮರಿ ಯಾರದ್ದು ಅನ್ನೋದು ಆ ಗಂಡಿಗೆ ತಿಳಿಯದಿರಲಿ ಅನ್ನೋದು ಇದರ ಫಲ ಇರಬಹುದು ಅಂದರು ಹರ್ಡಿ. ಹೆಣ್ಣುಗಳು ಒಟ್ಟಾಗಿ ಗಂಡಿನ ಮೇಲೆ ಬೀಳೋದನ್ನೂ ಅವರು ಕಂಡರು. ಅವರು ಸೋಲ್ ಅಂತ ಹೆಸರಿಟ್ಟಿದ್ದ ಒಂದು ಮುದಿ ಹೆಣ್ಣು ಇತ್ತು. ಮರಿ ಹಾಕೋ ವಯಸ್ಸು ಮುಗಿದಿತ್ತು, ಗುಂಪಿನಲ್ಲಿ ಕೊನೇ ಪಂಕ್ತಿ. ಗಂಡು ಮರಿಯೊಂದನ್ನ ಹಿಡಿದಾಗ, ತನಗಿಂತ ಎಷ್ಟೋ ಬಲಶಾಲಿಯಾದ ಅದರ ಮೇಲೆ ಬಿದ್ದು ಮರಿ ಬಿಡಿಸೋಕೆ ಮುಂದಾದವರಲ್ಲಿ ಸೋಲ್ ಒಬ್ಬಳು. ಹೆಸರಿಗಷ್ಟೇ ಸೋಲು.

ಈ ಮುಸುವಗಳಲ್ಲೇ ಇನ್ನೊಂದು ಅಚ್ಚರಿ ಇದೆ. ಹುಟ್ಟಿದ ದಿನದಿಂದಲೇ ಮರಿಯನ್ನ ತಾಯಿ ಬೇರೆ ಹೆಣ್ಣುಗಳ ಕೈಗೆ ಕೊಡ್ತಾಳೆ. ಚಿಗವ್ವ, ಅಕ್ಕ, ಎಳೇ ವಯಸ್ಸಿನ ಹೆಣ್ಣುಗಳು ಎಲ್ಲ ಮರಿ ಎತ್ತಿಕೊಂಡು ಓಡಾಡ್ತವೆ. ಮರಿ ಕೊಲ್ಲೋದರ ಬಗ್ಗೆ ಹೆಸರಾದ ಪ್ರಾಣಿಯೇ ಮರಿ ಹಂಚಿಕೊಂಡು ಸಾಕೋದಕ್ಕೂ ಹೆಸರಾದದ್ದು. ಹರ್ಡಿ ಮುಂದೆ 2009ರಲ್ಲಿ 'ಮದರ್ಸ್ ಅಂಡ್ ಅದರ್ಸ್' ಪುಸ್ತಕದಲ್ಲಿ ಮನುಷ್ಯರ ಬಗ್ಗೆ ವಾದಿಸಿದ್ದು ಇದೇ ಎಳೆ ಹಿಡಿದು. ನಮ್ಮ ಮಕ್ಕಳು ಬೆಳೆಯೋಕೆ ಎಷ್ಟು ವರ್ಷ, ಎಷ್ಟು ಅನ್ನ ಬೇಕು ಅಂದರೆ ಒಬ್ಬ ತಾಯಿಯಿಂದ ಅದು ಆಗೋ ಮಾತೇ ಅಲ್ಲ. ಅಜ್ಜಿ, ಅಪ್ಪ, ಚಿಕ್ಕಮ್ಮ, ಅಕ್ಕ, ಕೆಲವು ಸಲ ಸಂಬಂಧವೇ ಇಲ್ಲದವರು ಕೈ ಹಚ್ಚಿದ್ದಕ್ಕೇ ನಾವು ಮನುಷ್ಯರಾದೆವು ಅಂತಾರೆ ಅವರು.

ಇಲ್ಲಿಗೆ ನಿಲ್ಲಿಸಿ, 'ನೋಡಿದ್ರಾ, ಪ್ರಕೃತಿ ಒಳ್ಳೇದು' ಅಂದುಬಿಟ್ಟರೆ ನಾನೂ ಆ ರೀಲ್ ತೋರಿಸಿದವನ ಕೆಲಸವನ್ನೇ ಮಾಡಿದ ಹಾಗೆ, ದಿಕ್ಕು ಮಾತ್ರ ಬೇರೆ. ಮರಿ ಹಂಚಿಕೊಂಡು ಸಾಕೋದು ಒಳ್ಳೇದು ಅನ್ನೋದಕ್ಕೆ ಮುಸುವಗಳ ಸಾಕ್ಷಿ ಬೇಡ. ನಾಳೆ ಯಾರೋ ಸಂಶೋಧನೆ ಮಾಡಿ ಮುಸುವದ ಚಿಗವ್ವ ಮರಿಯನ್ನ ಎತ್ತಿಕೊಳ್ಳೋದು ತಾನು ಮುಂದೆ ತಾಯಿಯಾಗೋಕೆ ಅಭ್ಯಾಸ ಅಷ್ಟೇ ಅಂದರೆ, ನಾವು ಬೇರೆಯವರ ಮಕ್ಕಳನ್ನ ಎತ್ತಿಕೊಳ್ಳೋದು ಬಿಡ್ತೀವಾ?

ನಾವು ಪ್ರಾಣಿಗಳನ್ನ ಗುರುಗಳ ಹಾಗೆ ನೋಡ್ತಾ ಬೆಳೆದವರು. ಪಂಚತಂತ್ರದ ನರಿ, ಗೋವಿನ ಹಾಡಿನ ಪುಣ್ಯಕೋಟಿ. ಆ ಹಾಡಿನ ಹುಲಿ ಹಸುವಿನ ಸತ್ಯ ಕಂಡು ಮನಸ್ಸು ಕರಗಿ ಪ್ರಾಣ ಬಿಡುತ್ತೆ. ಅದಕ್ಕೆ ಪಶ್ಚಾತ್ತಾಪ ಸಾಧ್ಯ ಯಾಕಂದ್ರೆ ಅದು ಹುಲಿಯ ವೇಷದಲ್ಲಿರೋ ಮನುಷ್ಯ. ಕಾಡಿನ ಹುಲಿಗೆ ಪಶ್ಚಾತ್ತಾಪವೂ ಇಲ್ಲ, ಅದಕ್ಕೇ ಪಾಪವೂ ಇಲ್ಲ. ಬೇರೆ ದಾರಿ ಇದೆ ಅಂತ ತಿಳಿದು, ಅದನ್ನ ಬಿಟ್ಟು ಇದನ್ನ ಹಿಡಿದವನಿಗೆ ಮಾತ್ರ ತಪ್ಪು ಅಂಟುತ್ತೆ. ಧಾರವಾಡದ ಆ ಗಂಡು ಮಾಡಿದ್ದನ್ನ ನಾನು ಕೊಲೆ ಅನ್ನೋದಿಲ್ಲ. ಮರಿ ಸತ್ತದ್ದು ಸಾವೇ, ತಾಯಿಯ ಸಂಕಟ ಸಂಕಟವೇ. ಆದರೆ ಅಲ್ಲಿ ಆರೋಪಿ ಇಲ್ಲ.

ಹಾಗಂದ ಕೂಡಲೇ ಸುಗಿಯಾಮಾ ಮಾಡಿದ ಇನ್ನೊಂದು ಕೆಲಸ ನೆನಪಾಗುತ್ತೆ. ಮೊದಲ ಘಟನೆ ಆಕಸ್ಮಿಕವೋ ನಿಯಮವೋ ತಿಳಿಯೋಕೆ ಅವರು ಇನ್ನೊಂದು ಗುಂಪಿನ ಯಜಮಾನ ಗಂಡನ್ನ ಬೇಕಂತಲೇ ಹೊರಗೆ ತೆಗೆದರು. ಬೇರೆ ಗಂಡು ಬಂತು, ಅಲ್ಲೂ ಮರಿಗಳು ಸತ್ತವು. ಪ್ರಯೋಗವಾಗಿ ಇದು ಚೊಕ್ಕ. ಆಕಸ್ಮಿಕ ಅಲ್ಲ ಅನ್ನೋದಕ್ಕೆ ಬೇಕಾದ ಸಾಕ್ಷಿ ಸಿಕ್ಕಿತು. ಆದರೆ ಆ ಮರಿಗಳ ವಿಷಯದಲ್ಲಿ ಹೊಣೆ ಹೊರಬಲ್ಲವರು ಒಬ್ಬರು ಆ ಕಾಡಿನಲ್ಲಿ ಇದ್ದರು, ಕಚ್ಚಿದ ಗಂಡು ಮಾತ್ರ ಅಲ್ಲ. ಸುಗಿಯಾಮಾ ಕ್ರೂರಿ ಅಂತ ನಾನು ಹೇಳ್ತಿಲ್ಲ, ಆ ಕಾಲದ ವಿಜ್ಞಾನಕ್ಕೆ ಅದು ವಾಡಿಕೆ. ಹೇಳ್ತಿರೋದು ಇಷ್ಟೇ. ಅದೇ ಮರಗಳ ಕೆಳಗೆ, ಅದೇ ಸಾವುಗಳ ಬಗ್ಗೆ, 'ಇದು ಸರಿಯಾ?' ಅಂತ ಕೇಳಿದರೆ ಅರ್ಥ ಬರೋದು ಮನುಷ್ಯನನ್ನ ಕೇಳಿದಾಗ ಮಾತ್ರ.

ನಮ್ಮೂರಲ್ಲಿ ಒಬ್ಬರು ಕಾಕಾ ಇದ್ದರು. ಗಂಡ ತೀರಿದ, ಎರಡು ವರ್ಷದ ಮಗನಿದ್ದ ಹೆಣ್ಣನ್ನ ಉಡಿಕಿ ಮಾಡಿಕೊಂಡವರು. ಆಮೇಲೆ ಅವರದ್ದೇ ಇಬ್ಬರು ಹುಟ್ಟಿದರು. ಆಸ್ತಿ ಪಾಲು ಮಾಡೋವಾಗ ಮೂರು ಸಮ ಪಾಲು ಮಾಡಿದರು. ಪಂಚರಲ್ಲಿ ಒಬ್ಬರು, "ಹೊಟ್ಟ್ಯಾಗಿನ ಮಕ್ಕಳಿಗೆ ಒಂದೀಟು ಹೆಚ್ಚಿಡೋ, ಯಾರೂ ತಪ್ಪು ತಿಳ್ಯಾಂಗಿಲ್ಲ" ಅಂದರಂತೆ. ಕಾಕಾ, "ನನಗೂ ಹಂಗ ಅನಸ್ತೈತ್ರೀ, ಅದಕ್ಕ ನಿಮ್ಮನ್ನ ಕರಸೇನಿ. ಮೂರು ಸಮಾ ಬರೀರಿ" ಅಂದರಂತೆ. ಒಲವು ತನ್ನ ಮಕ್ಕಳ ಕಡೆ ಎಳೀತಿತ್ತು ಅನ್ನೋದನ್ನ ಅವರು ಮುಚ್ಚಿಡಲಿಲ್ಲ. ಅದು ಗೊತ್ತಿತ್ತು ಅಂತಲೇ ನಾಲ್ಕು ಜನರ ಮುಂದೆ ಕಾಗದಕ್ಕೆ ಇಳಿಸಿದರು. ವಿಜ್ಞಾನ ಕಲಿಯದ ಆ ಮನುಷ್ಯ ಕಾರಣವನ್ನ ನೆಪ ಆಗೋಕೆ ಬಿಡಲಿಲ್ಲ.

ಪ್ರಾಣಿಗಳ ಅಧ್ಯಯನ ನಮಗೆ ಕೊಡೋದು ಅಪ್ಪಣೆಯನ್ನಲ್ಲ, ಮುನ್ನೆಚ್ಚರಿಕೆಯನ್ನ. ನಮ್ಮೊಳಗೆ ಎಳೆತ ಯಾವ ಕಡೆ ಇರಬಹುದು ಅನ್ನೋದರ ಸುಳಿವನ್ನ. ಎಲ್ಲಿ ಕಾನೂನು ಬೇಕು, ಎಲ್ಲಿ ಅಕ್ಕಪಕ್ಕದವರ ಕಣ್ಣು ಬೇಕು, ಎಲ್ಲಿ ನಮ್ಮ ಮೇಲೆ ನಾವೇ ಒಂದು ಕಣ್ಣಿಡಬೇಕು ಅನ್ನೋದು ಅದರಿಂದ ತಿಳಿಯುತ್ತೆ. ಒಬ್ಬ ನಿರ್ದಿಷ್ಟ ಮನುಷ್ಯ ಹೇಗೆ ಅನ್ನೋದು ಮಾತ್ರ ಅದರಿಂದ ತಿಳಿಯೋದಿಲ್ಲ.

ಗೆಳತಿಗೆ ನಾನು ಇಷ್ಟನ್ನೂ ಹೇಳಿದೆ, ಇಷ್ಟು ಉದ್ದಕ್ಕಲ್ಲ. ಅವಳು ಈಗ ಒಬ್ಬರನ್ನ ಭೇಟಿ ಮಾಡ್ತಿದ್ದಾಳೆ. ಅವರ ಸಂಬಳ, ಸ್ವಂತ ಮನೆ ಎಲ್ಲ ಮನೆಯವರು ಕೇಳಿ ಆಗಿದೆ. ಅವಳು ನೋಡ್ತಿರೋದು ಬೇರೆ. ಹೋಟೆಲಿನಲ್ಲಿ ಮಗಳು ಜ್ಯೂಸ್ ಚೆಲ್ಲಿದರೆ ಅವರ ಮುಖ ಹೇಗಾಗುತ್ತೆ, ಮಗು ಮೂರನೇ ಸಲ ಅದೇ ಪ್ರಶ್ನೆ ಕೇಳಿದರೆ ಉತ್ತರ ಕೊಡ್ತಾರಾ. ಹೋದ ವಾರ ಅವರನ್ನ ನೇರವಾಗಿಯೇ ಕೇಳಿದಳಂತೆ, "ಮುಂದೆ ನಮಗೆ ಇನ್ನೊಂದು ಮಗು ಆದ್ರೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ. ಭೇದ ಮಾಡ್ತಿದೀನಿ ಅನ್ಸಿದ್ರೆ ನೀನು ಹೇಳ್ಬೇಕು" ಅಂದರಂತೆ. ಅವಳಿಗೆ ಆ ಉತ್ತರ ಇಷ್ಟ ಆಗಿದೆ.